ಮಾಗಿದ ಸಿಟ್ಟು

ಸಿಟ್ಟಿಗೂ ಒಂದು ವಯಸ್ಸುಂಟೆಂದು ಲೋಕ ನಂಬಿದೆ. ಇಪ್ಪತ್ತರ ತರುಣ ಮೇಜು ಕುಟ್ಟಿ ಕೂಗಿದರೆ ‘ಬಿಸಿರಕ್ತ’ ಎಂದು ಹಿರಿಯರು ನಕ್ಕು ಸುಮ್ಮನಾಗುತ್ತಾರೆ. ಐವತ್ತು ದಾಟಿದವನು ಹಾಗೆಯೇ ಕೂಗಿದರೆ ‘ವಯಸ್ಸಾದರೂ ಬುದ್ಧಿ ಬರಲಿಲ್ಲ’ ಎಂದು ಮುಖ ತಿರುಗಿಸುತ್ತಾರೆ. ಈ ಎರಡನೆಯ ಮಾತಿಗೆ ಅಂಜದ ಒಂದು ಸಂಗೀತಕೃತಿಯ ವಿಚಾರ ಇಲ್ಲಿ ಹೇಳಬೇಕಾಗಿದೆ. ಅಮೆರಿಕದ ಲಾಸ್ ಏಂಜಲೀಸ್ ನಗರದ ‘ಆಫ್!’ ಎಂಬ ವೃಂದ ಅದೇ ಹೆಸರಿನಿಂದ 2012ರ ಮೇ ತಿಂಗಳಲ್ಲಿ ಹೊರತಂದ ಚೊಚ್ಚಲ ಧ್ವನಿಮುದ್ರಿಕೆ ಅದು. ವೃಂದ ಹೊಸದು, ಅದರಲ್ಲಿ ಕೂಡಿದ ನಾಲ್ವರಲ್ಲಿ ಯಾರೂ ಹೊಸಬರಲ್ಲ.

1970ರ ದಶಕದ ನಡುವೆ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳಲ್ಲಿ ತಲೆಯೆತ್ತಿದ ‘ಪಂಕ್’ ಸಂಗೀತ ಒಂದು ಬಗೆಯ ನಿರಾಕರಣೆ. ಅಂದಿನ ರಾಕ್ ಸಂಗೀತದಲ್ಲಿ ನೈಪುಣ್ಯದ ಪ್ರದರ್ಶನ ಬೆಳೆದಿತ್ತು. ಹಾಡು ಉದ್ದವಾದಷ್ಟೂ ಕಲಾವಿದ ದೊಡ್ಡವನು ಎಂಬ ಭಾವನೆ ಬಲಿತಿತ್ತು. ಪಂಕ್ ಅದನ್ನು ಒದರಿ ಹಾಕಿತು. ಮೂರು ನಾಲ್ಕು ಸ್ವರಮೇಳ, ಎರಡು ಮೂರು ನಿಮಿಷ, ಪಳಗದ ಕಂಠ—ಇಷ್ಟೇ ಸಾಕೆಂದಿತು. ಕ್ಯಾಲಿಫೋರ್ನಿಯದ ದಕ್ಷಿಣ ತೀರದ ಹುಡುಗರಿಗೆ ಅದೂ ನಿಧಾನವೆನಿಸಿತು. ಹರ್ಮೋಸಾ ಬೀಚ್ ಎಂಬ ಕಡಲತಡಿಯ ಊರಿನಲ್ಲಿ 1976ರಲ್ಲಿ ಹುಟ್ಟಿ, ಮುಂದೆ ‘ಬ್ಲ್ಯಾಕ್ ಫ್ಲ್ಯಾಗ್’ ಎಂದು ಹೆಸರಾದ ವೃಂದಕ್ಕೆ ಕೀತ್ ಮಾರಿಸ್ ಮೊದಲ ಗಾಯಕ. 1979ರಲ್ಲಿ ಬಂದ ಅದರ ಮೊದಲ ತಟ್ಟೆಯಲ್ಲಿ ನಾಲ್ಕು ಹಾಡುಗಳಿದ್ದವು. ನಾಲ್ಕೂ ಸೇರಿ ಐದು ನಿಮಿಷದ ಆಸುಪಾಸು. ಆ ವರ್ಷವೇ ಆತ ಹೊರನಡೆದು ‘ಸರ್ಕಲ್ ಜರ್ಕ್ಸ್’ ಎಂಬ ವೃಂದವನ್ನು ಕಟ್ಟಿದ.

ಮೂವತ್ತು ವರ್ಷಗಳ ಮೇಲೆ ಆ ವೃಂದದ ಹೊಸ ಮುದ್ರಿಕೆಯೊಂದರ ಸಿದ್ಧತೆ ನಡೆಯಿತು. ನಿರ್ಮಾಣದ ಹೊಣೆ ಹೊತ್ತಿದ್ದವನು ಡಿಮಿಟ್ರಿ ಕೋಟ್ಸ್ ಎಂಬ ಗಿಟಾರ್ ವಾದಕ. ಭಿನ್ನಾಭಿಪ್ರಾಯಗಳಿಂದ ಆ ಕೆಲಸ ಮುರಿದುಬಿತ್ತು. ಹಳೆಯ ಗೆಳೆತನ ಬಿರುಕುಬಿಟ್ಟಲ್ಲಿ ಹೊಸ ವೃಂದ ಮೊಳೆಯಿತು. ಬಾಸ್ ಗಿಟಾರಿಗೆ ಸ್ಟೀವನ್ ಮೆಕ್‌ಡೊನಾಲ್ಡ್ ಬಂದ. ಬಾಲಕನಾಗಿದ್ದಾಗಲೇ ಅಣ್ಣನೊಡನೆ ‘ರೆಡ್ ಕ್ರಾಸ್’ ವೃಂದ ಕಟ್ಟಿ ಬ್ಲ್ಯಾಕ್ ಫ್ಲ್ಯಾಗ್ ಜೊತೆ ವೇದಿಕೆಯೇರಿದವನು ಇವನು. ಡ್ರಮ್ಮಿಗೆ, ‘ರಾಕೆಟ್ ಫ್ರಮ್ ದ ಕ್ರಿಪ್ಟ್’ ಮೊದಲಾದ ವೃಂದಗಳಲ್ಲಿ ಪಳಗಿದ ಮಾರಿಯೊ ರುಬಲ್ಕಾಬ. 2010ರಲ್ಲಿ ನಾಲ್ಕು ಕಿರುತಟ್ಟೆಗಳು ಒಂದು ಪೆಟ್ಟಿಗೆಯಲ್ಲಿ ಬಂದವು, ಅವು ಪೀಠಿಕೆ. 2012ರದು ಗ್ರಂಥ.

ಈ ಗ್ರಂಥದ ಗಾತ್ರವಾದರೂ ಎಷ್ಟು? ಹಾಡು 16, ಕಾಲ ಸುಮಾರು 16 ನಿಮಿಷ! ಒಂದು ಲೋಟ ಕಾಫಿ ಆರುವಷ್ಟರಲ್ಲಿ ಇಡೀ ಕೃತಿ ಮುಗಿಯುತ್ತದೆ. ಪೀಠಿಕೆಯಿಲ್ಲ, ಆಲಾಪವಿಲ್ಲ, ಗಿಟಾರ್ ಗರಗಸದಂತೆ ಕೊಯ್ಯುತ್ತದೆ, ಮಾರಿಸನ ಒರಟು ಕಂಠ ಬೊಗಳಿದಂತೆ ಎರಗುತ್ತದೆ, ಮುಗಿಯಿತು ಎನ್ನುವಷ್ಟರಲ್ಲಿ ಮುಂದಿನದು. ಲಾಸ್ ಏಂಜಲೀಸಿನ ಹೆದ್ದಾರಿಯೊಂದು ಒಂದು ಹಾಡಿನ ಶೀರ್ಷಿಕೆ. ಇನ್ನೊಂದರ ಶೀರ್ಷಿಕೆ, ಕನ್ನಡದಲ್ಲಿ ಹೇಳುವುದಾದರೆ, ‘ನಡತೆಗೆ ಸೊನ್ನೆ’—ಅಧ್ಯಾಪಕರು ತುಸು ನಕ್ಕು, ತುಸು ಬೆಚ್ಚಿ ಓದಬೇಕಾದ ಹೆಸರು. ಮುಖಚಿತ್ರ ರೇಮಂಡ್ ಪೆಟಿಬಾನ್‌ನದು. ಬ್ಲ್ಯಾಕ್ ಫ್ಲ್ಯಾಗ್‌ನ ನಾಲ್ಕು ಕರಿಪಟ್ಟಿಗಳ ಲಾಂಛನ ಬರೆದ ಕೈಯೇ ಅದು.

ಹಾಗಾದರೆ ಇದು ಹಳೆಯ ಕೀರ್ತಿಯ ಬಡ್ಡಿಯಲ್ಲಿ ನಡೆದ ಜೀವನವೆ? ಪ್ರಶ್ನೆ ನ್ಯಾಯವಾದುದು. ಮುದ್ರಿಕೆ ಹೊರಬಂದಾಗ ಮಾರಿಸನಿಗೆ 56 ವರ್ಷ, ಜೊತೆಗೆ ಮಧುಮೇಹ. ಹಳೆಯ ಹಾಡುಗಳನ್ನೇ ಊರೂರಿಗೆ ಹಾಡಿಕೊಂಡಿದ್ದರೆ ಚಪ್ಪಾಳೆಗೆ ಕೊರತೆಯಿರಲಿಲ್ಲ. ಆತ ಹೊಸ ಹಾಡುಗಳನ್ನೇ ಬೇಡಿದ. ಅದಕ್ಕಾಗಿ ಹಳೆಯ ಒಡನಾಡಿಗಳನ್ನೂ ಕಳೆದುಕೊಂಡ. ನಟನೆಗೆ ಇಷ್ಟು ಬೆಲೆ ತೆರುವವರು ವಿರಳ.

ನಮ್ಮ ಲಾಕ್ಷಣಿಕರು ಕ್ರೋಧವನ್ನು ರೌದ್ರದ ಸ್ಥಾಯಿಭಾವವೆಂದರು. ಬಂದು ಹೋಗುವ ಭಾವಗಳನ್ನು ಸಂಚಾರಿಗಳೆಂದರು. ಹರೆಯದ ಸಿಟ್ಟು ಹೆಚ್ಚಿನಂಶ ಸಂಚಾರಿಯ ಸ್ವಭಾವದ್ದು; ಕೆಲಸ, ಸಂಸಾರ, ಸಂಬಳ ಬಂದೊಡನೆ ಅದು ಮೆಲ್ಲನೆ ಜಾರುತ್ತದೆ. ಎಲ್ಲವೂ ಕಳೆದ ಮೇಲೂ ಉಳಿದುದು ಸ್ಥಾಯಿ. ಹಾಗೆ ಉಳಿದ ಸಿಟ್ಟಿನ ಬುಡದಲ್ಲಿ ಶೋಕವೂ ಇರುತ್ತದೆ. 1996ರಲ್ಲಿ, ನಲವತ್ತು ತುಂಬುವ ಮೊದಲೇ, ತೀರಿಕೊಂಡ ಗೆಳೆಯ, ‘ಗನ್ ಕ್ಲಬ್’ ವೃಂದದ ಗಾಯಕ ಜೆಫ್ರಿ ಲೀ ಪಿಯರ್ಸ್‌ನ ಹೆಸರಿನಲ್ಲೇ ಒಂದು ಹಾಡು 2010ರ ತಟ್ಟೆಗಳಲ್ಲಿದೆ. ಇಪ್ಪತ್ತರ ಹುಡುಗನಿಗೆ ಲೋಕದ ಮೇಲೆ ಸಿಟ್ಟು; ಐವತ್ತಾರರವನಿಗೆ ಲೋಕದ ಮೇಲೂ, ಅದು ಕಸಿದುಕೊಂಡವರ ಲೆಕ್ಕದ ಮೇಲೂ.

ದೋಷವಿಲ್ಲವೆಂದಲ್ಲ. ಓಟ ಒಂದೇ, ಬಣ್ಣ ಒಂದೇ. ಹಾಡಿಗೂ ಹಾಡಿಗೂ ಭೇದ ಕಾಣಲು ಎರಡು ಮೂರು ಬಾರಿ ಕೇಳಬೇಕು. ಹೊಸ ದಾರಿಯನ್ನೂ ಇದು ತೆರೆಯಲಿಲ್ಲ. 2014ರಲ್ಲಿ ಎರಡನೆಯ ಸಂಪುಟ ಬಂದಿತು. 2022ರಲ್ಲಿ, ಬಾಸ್ ಮತ್ತು ಡ್ರಮ್ಮಿನ ಕೈಗಳು ಬದಲಾಗಿ, ಮೂರನೆಯದು. ಹೊಸ ದಾರಿಯ ಹುಡುಕಾಟ ಅಲ್ಲಿ ಕಂಡಿತು. ಆದರೂ ಮೊದಲ ಸಂಪುಟದ ಹದ ಬೇರೆ. ಹೇಳಬೇಕಾದುದನ್ನು ಹೇಳಿ, ಆ ಕ್ಷಣವೇ ಬಾಯಿ ಮುಚ್ಚುವುದು ಅದರ ಗುಣ. ಹರೆಯಕ್ಕೆ ಕೂಗುವುದು ತಿಳಿದಿರುತ್ತದೆ, ನಿಲ್ಲಿಸುವುದು ತಿಳಿದಿರುವುದಿಲ್ಲ. ಈ ಹದಿನಾರು ನಿಮಿಷಗಳಲ್ಲಿ ವಯಸ್ಸು ಕಲಿಸಿದ್ದು ಅದೊಂದೇ ಇರಬಹುದು. ಅದು ಸಣ್ಣ ಪಾಠವಲ್ಲ.