ಕೀಸುಳಿಯ ಹೊಸ ಅಲಗು

ಕಳಚಿದ ಹಳೆಯ ಅಟ್ಟದ ತೇಗದ ಹಲಗೆಗಳಿಂದ ಬಾಗಿಲೊಂದನ್ನು ಮಾಡಿಸಲು ನಾವು ಬಡಗಿಯನ್ನು ಕರೆಸಿದೆವು. ಆತನ ವಿದ್ಯುತ್ ಕೀಸುಳಿಯ ಉಕ್ಕಿನ ಅಲಗು ಪದೇ ಪದೇ ಮೊಂಡಾಗುತ್ತಿದ್ದಿತು. ಕೆಲಸಕ್ಕಿಂತ ಸಾಣೆಯೇ ಹೆಚ್ಚಾಯಿತು. ಬಡಗಿಯ ತಪ್ಪೇನೂ ಇಲ್ಲ. ತೇಗದಲ್ಲಿ ಮರಳಿನ ಅಂಶವಾದ ಸಿಲಿಕವಿರುವುದರಿಂದ ಉಕ್ಕಿನ ಬಾಯಿ ಬೇಗನೆ ಸವೆಯುವುದು.

ಇದಕ್ಕೆ ಕಾರ್ಬೈಡಿನ ಅಲಗುಂಟು. ಟಂಗ್‌ಸ್ಟನ್ ಮತ್ತು ಇಂಗಾಲಗಳ ಸಂಯುಕ್ತದ ಹುಡಿಗೆ ಕೋಬಾಲ್ಟನ್ನು ಬೆರಸಿ, ಒತ್ತಿ, ಕಾಯಿಸಿ ಗಟ್ಟಿಮಾಡಿದ ವಸ್ತುವಿದು. ಜರ್ಮನಿಯ ಕ್ರುಪ್ ಸಂಸ್ಥೆಯು 1926ರಲ್ಲಿ ಇದಕ್ಕಿಟ್ಟ ಹೆಸರು 'ವಿಡಿಯಾ', ವಜ್ರದಂತಹುದು ಎಂದರ್ಥ. ನಾವಾಗಿದ್ದರೆ 'ವಜ್ರೋಪಮ'ವೆನ್ನುತ್ತಿದ್ದೆವು!

82 ಮಿಲಿಮೀಟರಿನ ಕೈಕೀಸುಳಿಗೆ ಒದಗುವ ಈ ಅಲಗಿನ ಅಗಲ 5.5 ಮಿಲಿಮೀಟರು ಮಾತ್ರ. ಎರಡು ಕಡೆಯೂ ಬಾಯಿಯುಂಟು. ಒಂದು ಮೊಂಡಾದರೆ ತಿರುಗಿಸಿ ಹಾಕತಕ್ಕುದು. ದಪ್ಪ ಅಲಗಿನ ಸ್ಥಾನದಲ್ಲಿ ಇದು ತಾನಾಗಿ ನಿಲ್ಲದು. ಹಿಡಿಯುವ ಪಟ್ಟಿಯನ್ನೂ ಕೊಳ್ಳಬೇಕು. ಉರುಳೆಯ ಎರಡು ಅಲಗುಗಳನ್ನೂ ಒಮ್ಮೆಗೇ ಬದಲಾಯಿಸಬೇಕು. ವಿದ್ಯುತ್ತಿನ ಸಂಪರ್ಕವನ್ನು ಕಿತ್ತಲ್ಲದೆ ಕೈಹಾಕಲಾಗದು. ಕೂರಿಸುವೆಡೆಯಲ್ಲಿ ಮರದ ಹುಡಿಯಿದ್ದರೆ ಅಲಗು ಓರೆಯಾಗುವುದು.

ಆದರೆ ವಜ್ರದ ಕಾಠಿಣ್ಯದೊಡನೆ ಗಾಜಿನ ದೋಷವೂ ಇದಕ್ಕುಂಟು. ಹಲಗೆಯಲ್ಲಿ ಹುದುಗಿದ್ದ ಮೊಳೆ ತಗುಲಿ, ನಮ್ಮ ಹಣದಿಂದ ಕೊಂಡ ಅಲಗು ಮೊದಲನೆಯ ದಿನವೇ ಮುಕ್ಕಾಯಿತು. ಸಾಮಾನ್ಯ ಸಾಣೆಕಲ್ಲಿಗೆ ಇದು ಬಗ್ಗದು. ವಜ್ರದ ಹುಡಿಯ ಚಕ್ರವೇ ಬೇಕು. ಹಳೆಯ ಮರದ ಮೇಲ್ಪದರಕ್ಕೆ ಮೊದಲು ಉಕ್ಕನ್ನೇ ಹೂಡುವುದು ಲೇಸೆಂದು ಆಗ ತಿಳಿಯಿತು.

ಬಡಗಿಯು ಮರುಮಾತಾಡದೆ ಅಲಗುಗಳನ್ನು ತಿರುಗಿಸಿದನು. ನಾವು ಅಯಸ್ಕಾಂತವೊಂದನ್ನು ಹಿಡಿದು ಉಳಿದ ಹಲಗೆಗಳ ಮೇಲೆ ಅಂಗುಲ ಅಂಗುಲವಾಗಿ ಆಡಿಸುತ್ತ ಕುಳಿತೆವು. ಸಂಜೆಯೊಳಗೆ ಇನ್ನೂ ಐದು ಮೊಳೆಗಳು ಸಿಕ್ಕಿದುವು.