ಒಂದೇ ಕೋವಿ, ಹಲವು ಮೃಗಗಳು

ಹಲವು ಗಾತ್ರದ ಮೃಗಗಳಿಗೆ ಒಂದೇ ಕೋವಿ ಸಾಕೇ ಎಂದು ಶ್ರೋತೃಗಳು ಕೇಳಬಹುದು. ಆಫ್ರಿಕದ ಬೇಟೆಯ ಅನುಭವವು ಇದಕ್ಕೆ ಉತ್ತರ ಕೊಟ್ಟಿದೆ. ಸಣ್ಣ ಗುಂಡು ಅಲ್ಲಿಯ ಕಾಡೆಮ್ಮೆಯ ದಪ್ಪ ಚರ್ಮವನ್ನೂ ಮೂಳೆಯನ್ನೂ ಭೇದಿಸಿ ಮರ್ಮಸ್ಥಾನವನ್ನು ಮುಟ್ಟದೆ ಹೋಗಬಹುದು. ಅತಿ ದೊಡ್ಡ ಕೋವಿಯ ಒದೆತಕ್ಕೆ ಅಂಜಿದವನ ಗುರಿಯೇ ತಪ್ಪಬಹುದು. ಎರಡರಿಂದಲೂ ಗಾಯಗೊಂಡ ಮೃಗವು ನರಳುತ್ತ ಪೊದೆಯನ್ನು ಸೇರುವುದು; ಅದನ್ನು ಅರಸಿ ಹೋದವರ ಪ್ರಾಣಕ್ಕೂ ಅಪಾಯ.

1912ರಲ್ಲಿ ಲಂಡನ್ನಿನ ಹಾಲೆಂಡ್ ಅಂಡ್ ಹಾಲೆಂಡ್ ಸಂಸ್ಥೆಯವರು ಹೊರತಂದ .375 ಅಂಗುಲದ ತೋಟಾ ಇವೆರಡರ ನಡುವಣ ಹದ. ಅದಕ್ಕೆ 235, 270, 300 ಗ್ರೇನ್ ತೂಕದ ಗುಂಡುಗಳುಂಟು. ಹಗುರವಾದುದು ಜಿಂಕೆಯಂತಹ ಮೃಗಗಳಿಗೆ, ಭಾರವಾದುದು ಕಾಡೆಮ್ಮೆಗೆ ಒಪ್ಪುವುದು. ಮೆದುಮೂತಿಯ ಗುಂಡು ಒಳಹೊಕ್ಕು ಅರಳುವುದು. ಗಟ್ಟಿ ಕವಚದ್ದು ಆಳಕ್ಕೆ ಇಳಿಯುವುದು.

ಆದುದರಿಂದ ಎದುರಾಗಬಹುದಾದ ಅತಿ ದೊಡ್ಡ ಮೃಗವನ್ನೂ ತನ್ನ ಭುಜದ ಸಹನೆಯನ್ನೂ ಒಟ್ಟಿಗೆ ತೂಗಿ ನೋಡಿಯೇ ಕೋವಿಯನ್ನು ಆರಿಸತಕ್ಕದ್ದು.