ಮುಟ್ಟಿದರೆ ಮುನಿಯುವ ಗಂಟು

ಸೂಜಿ ಕೈಗೆತ್ತಿಕೊಂಡರೆ ಸಾಕು, ಆ ಪ್ರಶ್ನೆ ಬಂದೇ ಬರುತ್ತದೆ. "ಅಲ್ಲ ಡಾಕ್ಟ್ರೇ, ಚುಚ್ಚಿದ್ರೆ ಮೈಗೆಲ್ಲ ಹರಡತ್ತಂತಲ್ಲ?" ಮಲಗಿದವರು ಕೇಳದಿದ್ದರೆ ಪಕ್ಕದಲ್ಲಿ ಬ್ಯಾಗು ಹಿಡಿದು ನಿಂತ ಗಂಡ ಕೇಳುತ್ತಾನೆ. ಅವನೂ ಸುಮ್ಮನಿದ್ದರೆ ಊರಲ್ಲಿರುವ ಚಿಕ್ಕಮ್ಮ ಫೋನಿನಲ್ಲಿ ಕೇಳಿಸುತ್ತಾಳೆ. ಕತ್ತಿನ ಗಂಟಿಗೆ ಸೂಜಿ ಹಾಕಿ, ನಾಲ್ಕು ಜೀವಕೋಶ ಎಳೆದು, ಗಾಜಿನ ಮೇಲೆ ಸವರಿ ನೋಡುವುದು ನನ್ನ ಕಸುಬು. ಈ "ಅಂತಲ್ಲ" ರೇಗಿಸಿದಷ್ಟು ನನ್ನನ್ನು ಇನ್ನಾವುದೂ ರೇಗಿಸಿಲ್ಲ. ಯಾರಂದರು ಎಂದು ಕೇಳಿ ನೋಡಿ. "ಎಲ್ರೂ ಅಂತಾರೆ."

ಎಲ್ಲರ ಪ್ರಕಾರ ಕ್ಯಾನ್ಸರ್ ಎನ್ನುವುದು ಒಂಥರಾ ಮುಟ್ಟಿದರೆ ಮುನಿ ಗಿಡ. ಅದರ ಪಾಡಿಗೆ ಬಿಟ್ಟರೆ ತೆಪ್ಪಗಿರುತ್ತದೆ, ಕೆಣಕಿದರೆ ಎದ್ದು ಬರುತ್ತದೆ. ಬಿಟ್ಟರೂ ಬೆಳೆಯುವುದಕ್ಕೇ ಅದಕ್ಕೆ ಕ್ಯಾನ್ಸರ್ ಎನ್ನುವುದು ಎಂದರೆ ಚಿಕ್ಕಮ್ಮ ಒಪ್ಪುವುದಿಲ್ಲ.

ಮೊದಲು ಸೂಜಿಯ ವಿಚಾರ. ಥೈರಾಯ್ಡ್ ಗಂಟಿಗೆ ನಾವು ಬಳಸುವುದು 23ರಿಂದ 27ನೇ ನಂಬರಿನ ಸೂಜಿ. 25ನೇ ನಂಬರಿನದರ ದಪ್ಪ ಅರ್ಧ ಮಿಲಿಮೀಟರ್. ಸಕ್ಕರೆ ಪರೀಕ್ಷೆಗೆ ತೋಳಿನಿಂದ ರಕ್ತ ಎಳೆಯುವ ಸೂಜಿ ಸಾಮಾನ್ಯವಾಗಿ ಇದಕ್ಕಿಂತ ದಪ್ಪ, ಅದಕ್ಕೆ ಯಾರೂ ಪಂಚಾಂಗ ತೆಗೆಯುವುದಿಲ್ಲ. ಸೂಜಿ ಹೋದ ದಾರಿಯಲ್ಲಿ ಕ್ಯಾನ್ಸರ್ ಕೋಶ ನಾಟಿಕೊಂಡದ್ದು ಒಂದೂ ಇಲ್ಲವೇ? ಇದೆ, ಸುಳ್ಳು ಹೇಳುವುದಿಲ್ಲ. ಥೈರಾಯ್ಡಿನ ಮಟ್ಟಿಗೆ ಪ್ರಕಟವಾದ ಲೆಕ್ಕ ಸಾವಿರಕ್ಕೆ ಒಂದೆರಡು. ಹಾಗೆ ನಾಟಿಕೊಂಡದ್ದನ್ನೂ ಬಹುಮಟ್ಟಿಗೆ ಅಲ್ಲೇ ಕತ್ತರಿಸಿ ತೆಗೆಯಬಹುದು. ವೃಷಣದ ಗೆಡ್ಡೆಗೆ ನಾವು ಸೂಜಿ ಹಾಕುವುದಿಲ್ಲ. ಯಕೃತ್ತಿನ ಕೆಲವು ಗೆಡ್ಡೆಗಳನ್ನು ಸ್ಕ್ಯಾನ್ ನೋಡಿಯೇ ತೀರ್ಮಾನಿಸಿ ಸೂಜಿಯನ್ನು ದೂರ ಇಡುತ್ತೇವೆ. ಎಲ್ಲಿ ಚುಚ್ಚಬಾರದು ಎಂದು ಎಣಿಸಿ, ಅಳೆದು ಕಂಡುಕೊಂಡವರೂ ವೈದ್ಯರೇ ಹೊರತು ಚಿಕ್ಕಮ್ಮ ಅಲ್ಲ.

ಈ ಭಯ ಹಳ್ಳಿಯ ಆಸ್ತಿ ಎಂದೂ ತಿಳಿಯಬೇಡಿ. ಅಮೆರಿಕದಲ್ಲಿ ಶ್ವಾಸಕೋಶದ ತೊಂದರೆಗೆ ಆಸ್ಪತ್ರೆಗೆ ಬಂದ 626 ಮಂದಿಯನ್ನು ಕೇಳಿ 2003ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಆಪರೇಷನ್ ವೇಳೆ ಗೆಡ್ಡೆಗೆ ಗಾಳಿ ತಾಗಿದರೆ ಕ್ಯಾನ್ಸರ್ ಹರಡುತ್ತದೆ ಎಂದು ನಂಬಿದವರು ನೂರಕ್ಕೆ 38. ನಮ್ಮಲ್ಲಿ ಸೂಜಿ, ಅಲ್ಲಿ ಗಾಳಿ, ಚಿಕ್ಕಮ್ಮ ಮಾತ್ರ ಒಬ್ಬಳೇ. ಅಷ್ಟೇಕೆ, ವೈದ್ಯರೇ ಈ ಭಯಕ್ಕೆ ಹೊರತಾಗಿರಲಿಲ್ಲ. ನ್ಯೂಯಾರ್ಕಿನ ಮೆಮೋರಿಯಲ್ ಆಸ್ಪತ್ರೆಯ ಹೇಯ್ಸ್ ಮಾರ್ಟಿನ್ ಮತ್ತು ಎಡ್ವರ್ಡ್ ಎಲ್ಲಿಸ್ 1930ರಲ್ಲೇ ಗೆಡ್ಡೆಗಳಿಗೆ ಸೂಜಿ ಹಾಕಿ ರೋಗ ಗುರುತಿಸಿ ಬರೆದರು. ಆದರೂ ಹರಡೀತು ಎಂಬ ಅಂಜಿಕೆಯೂ ಸೇರಿ ಅಮೆರಿಕದ ಸರ್ಜನ್ನರು ದಶಕಗಳ ಕಾಲ ಅದನ್ನು ದೂರವಿಟ್ಟರು. ಸಣ್ಣ ಸೂಜಿಯ ವಿದ್ಯೆಯನ್ನು ಪಳಗಿಸಿದವರು ಸ್ವೀಡನ್ನಿನ ಕರೋಲಿನ್ಸ್ಕಾ ಆಸ್ಪತ್ರೆಯವರು. ಕೊನೆಗೆ ಅಮೆರಿಕವೂ ಒಪ್ಪಿಕೊಂಡಿತು.

ಒಪ್ಪಿದ ಮೇಲೆ ಆದದ್ದೇನು? ಥೈರಾಯ್ಡ್ ಆಪರೇಷನ್ನುಗಳು ಸುಮಾರು ಕಾಲು ಭಾಗ ಇಳಿದವು. ಮೊದಲು ಗಂಟೆಂದು ಕತ್ತು ಕೊಯ್ಯಿಸಿಕೊಂಡ ನೂರು ಮಂದಿಯಲ್ಲಿ ಕ್ಯಾನ್ಸರ್ ಇರುತ್ತಿದ್ದುದು 15 ಜನರಿಗೆ; ಆಮೇಲೆ ಅದು 30 ದಾಟಿತು. ಕ್ಯಾನ್ಸರ್ ಹೆಚ್ಚಾಗಿ ಅಲ್ಲ, ಸುಮ್ಮಸುಮ್ಮನೆ ಕೊಯ್ಯಿಸಿಕೊಳ್ಳುವವರು ಕಡಿಮೆಯಾಗಿ. ಸೂಜಿಯ ಮುಖ್ಯ ಕೆಲಸವೇ ಚಾಕುವನ್ನು ತಡೆಯುವುದು. ಥೈರಾಯ್ಡ್ ಗಂಟುಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ನಿರಪಾಯಕಾರಿ. ಆ 90 ಯಾವುವು ಎಂದು ಹೇಳುವುದು ಸೂಜಿ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎನ್ನುವ ಜನವೇ, ಉಗುರು ಕಂಡರೆ ಎದ್ದೋಡಿ ಕೊಡಲಿಗೆ ಕತ್ತೊಡ್ಡುತ್ತದೆ.

ಈ ನಂಬಿಕೆ ಹುಟ್ಟಿದ್ದು ಹೇಗೆಂದು ಊಹಿಸುವುದು ಕಷ್ಟವಲ್ಲ. ಹೊಟ್ಟೆಯ ಗೆಡ್ಡೆಯನ್ನು ಎರಡು ವರ್ಷ ಮುಚ್ಚಿಟ್ಟುಕೊಂಡು ಒಬ್ಬ ಆಸ್ಪತ್ರೆಗೆ ಬರುತ್ತಾನೆ. ತೆರೆದು ನೋಡಿದರೆ ಕೈಮೀರಿದೆ. ಹಾಗೇ ಹೊಲಿದು ಕಳಿಸುತ್ತಾರೆ. ಮೂರು ತಿಂಗಳಿಗೆ ಆತ ಹೋಗುತ್ತಾನೆ. ಎರಡು ವರ್ಷ ಯಾರ ಕಣ್ಣಿಗೂ ಬೀಳಲಿಲ್ಲ, ಚಾಕು ಎಲ್ಲರಿಗೂ ಕಂಡಿತು. ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋಯಿತು.

ನನಗೆ ಮರೆಯಲಾಗದವರು ಒಬ್ಬ ಮೇಷ್ಟ್ರು. ಕತ್ತಿನಲ್ಲಿ ಅಡಿಕೆ ಗಾತ್ರದ ಗಂಟು. ಸೂಜಿ ಎಂದಕೂಡಲೇ "ಮನೇಲಿ ಕೇಳ್ಕೊಂಡು ಬರ್ತೀನಿ" ಎಂದು ಹೋದವರು ಗಂಟು ಕರಗಿಸುವ ಪುಡಿಯ ಬೆನ್ನುಹತ್ತಿದರು. ಮತ್ತೆ ಬಂದಾಗ ಅದು ನಿಂಬೆಹಣ್ಣಾಗಿತ್ತು, ದನಿ ಬಿದ್ದುಹೋಗಿತ್ತು: ಗೆಡ್ಡೆ ದನಿಯ ನರವನ್ನೇ ಹಿಡಿದಿತ್ತು. ಆಪರೇಷನ್ ಆಯಿತು, ಜೀವ ಉಳಿಯಿತು. ಊರಿನ ತೀರ್ಪು? "ಡಾಕ್ಟ್ರು ಕುಯ್ದು ಮೇಷ್ಟ್ರ ದನಿ ತೆಗೆದ್ರು."

ಚರ್ಮಕ್ಕೂ ಇದೇ ಕತೆ. ಮಚ್ಚೆಗೆ ಕತ್ತರಿ ತಾಗಿದರೆ ಕ್ಯಾನ್ಸರ್ ಆಗುತ್ತದಂತೆ. ಮೆಲನೋಮಾ ಎಂಬ ಮಚ್ಚೆಯ ಕ್ಯಾನ್ಸರ್ ಎಷ್ಟು ಅಪಾಯಕಾರಿ ಎಂದು ತಿಳಿಯಲು ಅದರ ಆಳವನ್ನು ಸೂಕ್ಷ್ಮದರ್ಶಕದಡಿ ಮಿಲಿಮೀಟರ್ ಲೆಕ್ಕದಲ್ಲಿ ಅಳೆಯಬೇಕು. ಅಲೆಕ್ಸಾಂಡರ್ ಬ್ರೆಸ್ಲೋ 1970ರಲ್ಲಿ ತೋರಿಸಿಕೊಟ್ಟ ಈ ಅಳತೆಗೆ ಮಚ್ಚೆಯನ್ನು ಕತ್ತರಿಸದೆ ದಾರಿಯಿಲ್ಲ. ಕಪ್ಪು ಚರ್ಮದವರಿಗೆ ಚರ್ಮದ ಕ್ಯಾನ್ಸರ್ ಬರುವುದಿಲ್ಲ ಎನ್ನುವವರು ಜಮೈಕಾದ ಗಾಯಕ ಬಾಬ್ ಮಾರ್ಲಿಯನ್ನು ನೆನೆಯಲಿ: ಫುಟ್‌ಬಾಲ್ ಆಟದ ಗಾಯ ಎಂದುಕೊಂಡಿದ್ದ ಕಾಲ್ಬೆರಳಿನ ಉಗುರಿನಡಿಯ ಕಲೆ 1977ರಲ್ಲಿ ಮೆಲನೋಮಾ ಎಂದು ಗೊತ್ತಾಯಿತು, 1981ರಲ್ಲಿ ಆತ ತೀರಿಕೊಂಡಾಗ ವಯಸ್ಸು 36. ನಮ್ಮವರಲ್ಲೂ ಅದು ಹೆಚ್ಚಾಗಿ ಅಡಗುವುದು ಅಂಗಾಲಿನಲ್ಲಿ, ಉಗುರಿನಡಿ. ಇನ್ನು ವರ್ಷಗಟ್ಟಲೆ ಬಿಗಿದು ಕಟ್ಟಿದ ಪಂಚೆ, ಸೀರೆಯ ಲಾಡಿ ಉಜ್ಜಿದ ಸೊಂಟದಲ್ಲಿ, ಕಾಶ್ಮೀರದ ಕಾಂಗ್ಡಿ ಎಂಬ ಕೆಂಡದ ಬುಟ್ಟಿ ಸುಟ್ಟ ಹೊಟ್ಟೆ ತೊಡೆಗಳಲ್ಲಿ ಬರುವ ಚರ್ಮದ ಕ್ಯಾನ್ಸರ್ ಅಪ್ಪಟ ನಮ್ಮ ನೆಲದ್ದೇ.

ಉಳಿದವನ್ನು ಬೇಗ ಮುಗಿಸುತ್ತೇನೆ. "ಟಿಎಸ್‌ಎಚ್ ಸರಿ ಇದೆ, ಹಾಗಾಗಿ ಗಂಟೂ ಸರಿ": ಅಲ್ಲ, ಥೈರಾಯ್ಡ್ ಕ್ಯಾನ್ಸರ್ ಇದ್ದವರಲ್ಲಿ ಬಹುಪಾಲು ಜನರ ಹಾರ್ಮೋನು ಸರಿಯಾಗೇ ಇರುತ್ತದೆ. "ನೋವಿಲ್ಲವಲ್ಲ": ಕ್ಯಾನ್ಸರಿನ ಗಂಟು ಸಾಮಾನ್ಯವಾಗಿ ನೋಯುವುದಿಲ್ಲ, ಅದೇ ಅದರ ಜಾಣತನ. "ಥೈರಾಯ್ಡ್ ಆಪರೇಷನ್ ಎಂದರೆ ಪ್ರಾಣಕ್ಕೇ ಸಂಚಕಾರ": ಅದು ಬರ್ನ್ ನಗರದ ಸರ್ಜನ್ ಥಿಯೊಡೋರ್ ಕೋಖರ್‌ಗೆ ಮುಂಚಿನ ಮಾತು, ಸಾವಿನ ಪ್ರಮಾಣವನ್ನು ಅವರು ನೂರಕ್ಕೆ ಒಂದಕ್ಕಿಂತ ಕೆಳಗಿಳಿಸಿ 1909ರಲ್ಲಿ ನೊಬೆಲ್ ಪಡೆದಾಯಿತು. "ಸೈಂಧವ ಲವಣ ಥೈರಾಯ್ಡಿಗೆ ಒಳ್ಳೆಯದು": 1962ರಿಂದ ಸರಕಾರ ಗಳಗಂಡದ ವಿರುದ್ಧ ಉಪ್ಪಿಗೆ ಬೆರೆಸುತ್ತ ಬಂದ ಅಯೋಡಿನ್ನನ್ನು ದುಡ್ಡು ಕೊಟ್ಟು ಬಿಡುವ ವಿಧಾನ.

ಇನ್ನೊಂದು ತುದಿಯವರೂ ಇದ್ದಾರೆ. "ಫುಲ್ ಬಾಡಿ ಚೆಕಪ್"ನಲ್ಲಿ ಆರು ಮಿಲಿಮೀಟರಿನ ಗಂಟು ಸಿಕ್ಕಿತೆಂದು ಬೆಳಗಾಗುವುದರೊಳಗೆ ಕೀಳಿಸಿಕೊಳ್ಳಲು ಹೊರಡುವವರು. ದಕ್ಷಿಣ ಕೊರಿಯಾ ಇದನ್ನು ದೇಶಮಟ್ಟದಲ್ಲಿ ಮಾಡಿ ನೋಡಿತು. ಕತ್ತಿನ ಅಲ್ಟ್ರಾಸೌಂಡ್ ಅಗ್ಗವಾಗಿ, 2011ರ ಹೊತ್ತಿಗೆ ಥೈರಾಯ್ಡ್ ಕ್ಯಾನ್ಸರ್ 1993ರ 15 ಪಟ್ಟಾಯಿತು. ಸಾವು ಮಾತ್ರ ಇದ್ದಷ್ಟೇ ಇತ್ತು. ಹುಡುಕಿದ್ದರಿಂದ ಸಿಕ್ಕಿದ ಕ್ಯಾನ್ಸರ್ ಅದು. ಜಪಾನಿನ ಕೋಬೆಯ ಕುಮಾ ಆಸ್ಪತ್ರೆಯವರು 1993ರಿಂದಲೇ ಇಂಥ ಪುಟ್ಟ ಕ್ಯಾನ್ಸರುಗಳನ್ನು ಕೊಯ್ಯದೆ ಕಾಯುತ್ತಿದ್ದಾರೆ. ಹತ್ತು ವರ್ಷದಲ್ಲಿ ಮೂರು ಮಿಲಿಮೀಟರಿನಷ್ಟಾದರೂ ಬೆಳೆದವು ನೂರಕ್ಕೆ ಸುಮಾರು ಎಂಟು. ಆದ್ದರಿಂದ ಸಿಕ್ಕ ಗಂಟಿಗೆಲ್ಲ ಸೂಜಿ ಬೇಕಿಲ್ಲ. ಒಂದು ಸೆಂಟಿಮೀಟರಿನ ಒಳಗಿನವನ್ನು ಸಾಮಾನ್ಯವಾಗಿ ನಾವೇ ಸುಮ್ಮನೆ ಬಿಡುತ್ತೇವೆ. ಬೇಕೆಂದಾಗ ಮಾತ್ರ ಬೇಡ ಎನ್ನಬೇಡಿ.

ನನ್ನ ಕೋಪ ಭಯದ ಮೇಲಲ್ಲ. ಕತ್ತಿಗೆ ಸೂಜಿ ಎಂದರೆ ಯಾರಿಗೂ ಭಯವೇ. ಕೋಪ ಇರುವುದು ಅನುಮಾನ ಒಂದೇ ದಿಕ್ಕಿಗೆ ಹರಿಯುವುದರ ಮೇಲೆ. ಹತ್ತು ನಿಮಿಷದ ಸೂಜಿಗೆ ನೂರೆಂಟು ಪುರಾವೆ ಕೇಳುವವರು, ವಾಟ್ಸಾಪಿನಲ್ಲಿ ಬಂದ ಬೂದು ಬಣ್ಣದ ಪುಡಿಯನ್ನು ಹೆಸರೂ ಕೇಳದೆ ಜೇನುತುಪ್ಪದಲ್ಲಿ ಕಲಸಿ ನೆಕ್ಕುತ್ತಾರೆ. ಆ ಪುಡಿ ಹರಡುತ್ತಂತಲ್ಲ ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ.

ಮೊನ್ನೆ ಒಬ್ಬರಿಗೆ ಹಾಗೂ ಹೀಗೂ ಒಪ್ಪಿಸಿ ಸೂಜಿ ಹಾಕಿದೆ. ಗಂಟು ನಿರಪಾಯಕಾರಿ, ಆಪರೇಷನ್ ಬೇಡ ಎಂದು ವರದಿ ಕೊಟ್ಟೆ. ಆಕೆ ಕಣ್ಣಿಗೊತ್ತಿಕೊಂಡು ಹೊರಗೆ ಹೋಗಿ ಫೋನಿನಲ್ಲಿ ಹೇಳಿದ್ದು ಕೇಳಿಸಿತು: "ಏನೂ ಇಲ್ವಂತೆ ಚಿಕ್ಕಮ್ಮ, ನಿಮ್ಮ ಹರಕೆ ಫಲಿಸ್ತು. ಆದ್ರೂ ಚುಚ್ಬಿಟ್ಟಿದಾರೆ, ಮುಂದೆ ಏನಾಗುತ್ತೋ."